ಬಾವಿಯಿಂದ ಬಾವಿಗೆ: ಊರ ಹತ್ತಿರದ ಹಳೆ ಟಪಾಲು ದಾರಿ ಹುಡುಕೋದು ಹೇಗೆ

ನಮ್ಮೂರು ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಊರ ಹಿಂದಿನ ಹೊಲಗಳ ನಡುವೆ ಏಳು ಹುಣಸೆಮರಗಳು ಒಂದೇ ಸಾಲಿನಲ್ಲಿ ನಿಂತಿವೆ. ಚಿಕ್ಕವನಿದ್ದಾಗ ಅವುಗಳ ಕೆಳಗೆ ಆಡಿದ್ದೇನೆ, ಕಲ್ಲು ಹೊಡೆದು ಕಾಯಿ ಉದುರಿಸಿದ್ದೇನೆ. ಆದರೆ ಹೊಲದ ಮಧ್ಯೆ ಯಾರಾದರೂ ಯಾಕೆ ಮರಗಳನ್ನು ಸಾಲಾಗಿ, ಒಂದೇ ಅಂತರ ಬಿಟ್ಟು ನೆಡುತ್ತಾರೆ ಅಂತ ಕೇಳಿಕೊಂಡಿರಲಿಲ್ಲ. ಹೊಲದ ಬದುವಿಗೂ ಆ ಸಾಲಿಗೂ ಹೊಂದಾಣಿಕೆಯೇ ಇಲ್ಲ, ಸಾಲು ನಾಲ್ಕು ಹೊಲಗಳನ್ನು ಓರೆಯಾಗಿ ದಾಟಿಕೊಂಡು ಹೋಗುತ್ತದೆ. ಅದು ದಾರಿಯ ಸಾಲುಮರ. ದಾರಿ ಹೋಯಿತು, ಮರ ಉಳಿಯಿತು.

ನಿಮ್ಮೂರ ಹತ್ತಿರವೂ ಇಂಥದ್ದೊಂದು ಇರುವ ಸಾಧ್ಯತೆ ಜಾಸ್ತಿ. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರಿಗೆ ಅದನ್ನು ಹುಡುಕುವ ಬಗೆ ಹೇಳುತ್ತೇನೆ. ಮೂರು ವರ್ಷದಿಂದ ಬೇಸಿಗೆಯಲ್ಲಿ ಇದೇ ನನ್ನ ಕೆಲಸ.

ಮೊದಲು ಏನನ್ನು ಹುಡುಕುತ್ತಿದ್ದೀರಿ ಅನ್ನೋದು ಗೊತ್ತಿರಲಿ. ಟಪಾಲು ದಾರಿ ಅಂದ ತಕ್ಷಣ ನಾಲ್ಕು ಕುದುರೆ ಕಟ್ಟಿದ ದೊಡ್ಡ ಗಾಡಿ ಕಣ್ಣಿಗೆ ಬಂದರೆ ಅದನ್ನು ಬಿಟ್ಟುಬಿಡಿ. ಇಂಗ್ಲೆಂಡಿನಲ್ಲಿ 1784ರಿಂದ ಅಂಥ ಟಪಾಲು ಗಾಡಿಗಳು ಓಡಿದವು. ನಮ್ಮ ಕಡೆ ಟಪಾಲು ಓಡಿದ್ದು ಹೆಚ್ಚಾಗಿ ಮನುಷ್ಯರ ಕಾಲಿನ ಮೇಲೆ. ಹರಕಾರ ಅಂತಿದ್ದರು. ಹೆಗಲಿಗೆ ಚೀಲ, ಕೈಯಲ್ಲಿ ಗೆಜ್ಜೆ ಕಟ್ಟಿದ ಕೋಲು ಅಥವಾ ಈಟಿ, ರಾತ್ರಿಯಾದರೆ ಜೊತೆಗೊಬ್ಬ ಪಂಜು ಹಿಡಿದವನು. ಕೆಲವು ಮೈಲಿ ಓಡಿ ಚೀಲವನ್ನು ಮುಂದಿನವನಿಗೆ ಕೊಟ್ಟು, ಆ ಕಡೆಯಿಂದ ಬಂದ ಚೀಲ ತಗೊಂಡು ವಾಪಸ್ ಬರಬೇಕು. ದಾರಿ ಗಟ್ಟಿಯಾಗಿದ್ದ ಕಡೆ ಮಾತ್ರ ಕುದುರೆ ಗಾಡಿ, ಟಾಂಗಾ. ಅದಕ್ಕೇ ಹೇಳೋದು, ನಾವು ಹುಡುಕುವ ದಾರಿ ಹೆದ್ದಾರಿಯ ಹಾಗೆ ಅಗಲವಾಗಿ ಇರಬೇಕು ಅಂತೇನಿಲ್ಲ. ಆದರೆ ಹಂತ ಹಂತಕ್ಕೂ ಒಂದು ತಂಗುವ ಜಾಗ ಇರಲೇಬೇಕು, ಆ ಜಾಗದಲ್ಲಿ ನೀರು ಇರಲೇಬೇಕು.

ಇದೇ ಇಡೀ ಹುಡುಕಾಟದ ಕೀಲಿ. ಈಗಿನ ರಸ್ತೆ ಊರಿಂದ ಊರಿಗೆ ನೆಟ್ಟಗೆ ಹೋಗುತ್ತದೆ. ಹಳೆ ದಾರಿ ಬಾವಿಯಿಂದ ಬಾವಿಗೆ ಹೋಗುತ್ತದೆ. ಓಡುವವನಿಗೂ ನೀರು ಬೇಕು, ಎತ್ತಿಗೂ ಬೇಕು, ಕುದುರೆಗೂ ಬೇಕು, ನಮ್ಮದಂತೂ ಬಿಸಿಲ ನಾಡು. ಈಸ್ಟ್ ಇಂಡಿಯಾ ಕಂಪನಿಯ ದಂಡು ಒಂದು ಊರಿಂದ ಇನ್ನೊಂದು ಊರಿಗೆ ಹೋಗಲು ಮಾಡಿಸಿಕೊಂಡ ದಾರಿ ಪುಸ್ತಕಗಳಲ್ಲೂ ಪ್ರತಿ ತಂಗುದಾಣದ ಹೆಸರು, ಮೈಲಿ, ಅದರ ಪಕ್ಕದಲ್ಲೇ ಬಾವಿ ಇದೆಯಾ, ಕೆರೆ ಇದೆಯಾ ಅಂತ ಬರೆಯುತ್ತಿದ್ದರು. ಆದ್ದರಿಂದ ಮೊದಲು ನಕ್ಷೆ ಬಿಚ್ಚಬೇಡಿ. ನಿಮ್ಮೂರ ಸುತ್ತ ಊರಿಂದ ದೂರ ಇರುವ, ತೋಟಕ್ಕೂ ಸೇರದ, ಗುಡಿಗೂ ಸೇರದ ಹಳೆ ಬಾವಿಗಳ ಪಟ್ಟಿ ಮಾಡಿ. ಕಲ್ಲು ಕಟ್ಟಡದ ಮೆಟ್ಟಿಲು ಬಾವಿ ಬಯಲಲ್ಲಿ ಒಂಟಿಯಾಗಿ ಇದ್ದರೆ ಅದು ದಾರಿಹೋಕರಿಗಾಗಿ ತೋಡಿಸಿದ್ದು ಇರಬಹುದು. ಪಕ್ಕದಲ್ಲಿ ಕಲ್ಲಿನ ತೊಟ್ಟಿ ಇದೆಯಾ ನೋಡಿ. ಎರಡು ಕಲ್ಲು ನಿಲ್ಲಿಸಿ ಮೇಲೊಂದು ಕಲ್ಲು ಅಡ್ಡ ಇಟ್ಟ ಹೊರೆಗಲ್ಲು ಇದ್ದರಂತೂ ಅನುಮಾನವೇ ಬೇಡ, ತಲೆ ಮೇಲಿನ ಹೊರೆಯನ್ನು ಯಾರ ಸಹಾಯವೂ ಇಲ್ಲದೆ ಇಳಿಸಿ ಮತ್ತೆ ಹೊರಲು ಮಾಡಿದ್ದು ಅದು, ದಾರಿ ಇಲ್ಲದ ಕಡೆ ಅದನ್ನು ಯಾರೂ ನಿಲ್ಲಿಸುವುದಿಲ್ಲ.

ಪಟ್ಟಿ ಆದಮೇಲೆ ನಕ್ಷೆ. ಇಲ್ಲಿ ಸ್ವಲ್ಪ ಚರಿತ್ರೆ ಬೇಕಾಗುತ್ತದೆ, ಯಾಕೆಂದರೆ ಯಾವ ದಾಖಲೆ ಎಲ್ಲಿ ಸಿಗುತ್ತದೆ ಅನ್ನೋದನ್ನು ನದಿಯೇ ತೀರ್ಮಾನ ಮಾಡಿದೆ. 1800ರಲ್ಲಿ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟರು. ಥಾಮಸ್ ಮನ್ರೋ ಏಳು ವರ್ಷ ಇಲ್ಲಿ ಕಲೆಕ್ಟರ್ ಆಗಿದ್ದ. ಅಲ್ಲಿಂದ 1953ರ ತನಕ ತುಂಗಭದ್ರೆಯ ಈ ದಡ ಮದ್ರಾಸಿನದು. ಆ ದಡದ ರಾಯಚೂರು, ಕೊಪ್ಪಳ ಹೈದರಾಬಾದಿನವು, 1853ರಿಂದ 1860ರವರೆಗೆ ರಾಯಚೂರು ಸೀಮೆ ಬ್ರಿಟಿಷರ ಕೈಗೆ ಹೋಗಿ ಬಂದದ್ದು ಬಿಟ್ಟರೆ. ನಿಜಾಮರದು ಬೇರೆಯೇ ಟಪಾಲು, 1869ರಿಂದ ಅವರದೇ ಸ್ಟಾಂಪು, 1950ರ ತನಕ ನಡೆಯಿತು. ಮೈಸೂರಿನವರು ಅಂಚೆ ಅಂದರು, ನಮ್ಮ ಕಡೆ ಹಳಬರ ಬಾಯಲ್ಲಿ ಇವತ್ತಿಗೂ ಟಪಾಲು. ಹೀಗಾಗಿ ಬಳ್ಳಾರಿ ಕಡೆಯ ಹಳೆ ಕಾಗದ ಪತ್ರ ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ, ರಾಯಚೂರು–ಕೊಪ್ಪಳದ್ದು ಹೈದರಾಬಾದಿನ ತಾರ್ನಾಕದ ಪತ್ರಾಗಾರದಲ್ಲಿ. ಅಷ್ಟು ದೂರ ಹೋಗುವ ಅಗತ್ಯ ಮೊದಲಿಗೆ ಇಲ್ಲ.

ಮನೆಯಲ್ಲೇ ಕೂತು ಓದಬಹುದಾದದ್ದು ಬಹಳ ಇದೆ. ಬಳ್ಳಾರಿ ಜಿಲ್ಲೆಯ ಮೇಲೆ ಜಾನ್ ಕೆಲ್ಸಾಲ್ 1872ರಲ್ಲಿ ಬರೆದ ಮ್ಯಾನ್ಯುಯಲ್, ಡಬ್ಲ್ಯೂ. ಫ್ರಾನ್ಸಿಸ್ 1904ರಲ್ಲಿ ತಂದ ಗೆಜೆಟಿಯರ್, ಎರಡೂ ಇಂಟರ್ನೆಟ್ ಆರ್ಕೈವಿನಲ್ಲಿ ಪುಕ್ಕಟೆ ಸಿಗುತ್ತವೆ. ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ರಸ್ತೆಗಳ ಭಾಗ ಓದಿ. ನಡುವೆ ದೊಡ್ಡ ಘಟನೆಯೊಂದು ಇದೆ, 1876ರಿಂದ 78ರ ಧಾತು ಬರ. ಆಗ ಹಸಿದ ಜನರಿಗೆ ಕೂಲಿ ಕೊಡಲು ನಮ್ಮ ಜಿಲ್ಲೆಯಲ್ಲಿ ರಸ್ತೆ ಕೆಲಸ ಬಹಳ ಮಾಡಿಸಿದರು. ಹೊಲದ ನಡುವೆ ನೆಟ್ಟಗೆ, ಎತ್ತರವಾಗಿ ಮಣ್ಣು ಹಾಕಿದ ಏರಿ ಸಿಕ್ಕರೆ ಅದೇ ಟಪಾಲು ದಾರಿ ಅಂತ ಖುಷಿ ಪಡಬೇಡಿ, ಅದು ಬರಗಾಲದ ರಸ್ತೆ ಇರಬಹುದು. ಹುಡುಕುವಾಗ ಸ್ಪೆಲಿಂಗ್ ಬದಲಿಸುತ್ತಾ ಇರಿ. ಟಪಾಲು ಅನ್ನೋದನ್ನೇ ಇಂಗ್ಲಿಷಿನಲ್ಲಿ ಮೂರು ನಾಲ್ಕು ಥರ ಬರೆದಿದ್ದಾರೆ, ಊರ ಹೆಸರು ಕೇಳಲೇಬೇಡಿ.

ನಕ್ಷೆಗಳಲ್ಲಿ ಎರಡು ಥರ ಬೇಕು. ಒಂದು ಸರ್ವೆ ಆಫ್ ಇಂಡಿಯಾದ ಹಳೆ ಒಂದಿಂಚಿನ ಹಾಳೆ, ಅಂದರೆ ಒಂದು ಮೈಲಿಗೆ ಒಂದು ಇಂಚು. ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಸಿರುಗುಪ್ಪ ಎಲ್ಲಾ 57ಎ ಗುಂಪಿನ ಹಾಳೆಗಳಲ್ಲಿ ಬರುತ್ತವೆ. ರಾಯಚೂರು 56ಎಚ್. ಅವುಗಳಲ್ಲಿ ಊರ ಹೆಸರಿನ ಪಕ್ಕ ಪುಟ್ಟ ಇಂಗ್ಲಿಷ್ ಅಕ್ಷರ ಇರುತ್ತವೆ, ಪಿಒ ಅಂದರೆ ಪೋಸ್ಟ್ ಆಫೀಸ್, ಡಿಬಿ ಅಂದರೆ ಡಾಕ್ ಬಂಗಲೆ (ಟಪಾಲು ದಾರಿಯಲ್ಲಿ ಹೋಗುವವರು ತಂಗುವ ಮನೆ), ಐಬಿ ಅಂದರೆ ಈಗಲೂ ನಾವು ಐಬಿ ಅಂತ ಕರೆಯುವ ಸರ್ಕಾರಿ ಬಂಗಲೆ. ಡಿಬಿ ಇರುವ ಎರಡು ಊರುಗಳ ನಡುವೆ ಗೆರೆ ಎಳೆದು, ನಿಮ್ಮ ಬಾವಿಗಳು ಆ ಗೆರೆಯ ಆಜುಬಾಜು ಬೀಳುತ್ತವಾ ನೋಡಿ. ಹಳೆ ಹಾಳೆ ಸಿಗದಿದ್ದರೆ ಅಮೆರಿಕದ ಸೈನ್ಯ 1950ರ ದಶಕದಲ್ಲಿ ಭಾರತದ್ದು ಮಾಡಿದ ನಕ್ಷೆಗಳು ಟೆಕ್ಸಸ್ ವಿಶ್ವವಿದ್ಯಾಲಯದ ಲೈಬ್ರರಿ ವೆಬ್‌ಸೈಟಿನಲ್ಲಿ ಇವೆ, ಸ್ವಲ್ಪ ಒರಟು, ಆದರೂ ಕೆಲಸಕ್ಕೆ ಬರುತ್ತವೆ.

ಎರಡನೆಯದು ನಮ್ಮದೇ ಕಂದಾಯ ಇಲಾಖೆಯ ಗ್ರಾಮ ನಕಾಶೆ. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ದೊಡ್ಡ ನಿಧಿ ಇಲ್ಲ, ಆದರೆ ದಾರಿ ಹುಡುಕಲು ಇದನ್ನು ಬಳಸುವವರು ಕಡಿಮೆ. ಭೂದಾಖಲೆ ವೆಬ್‌ಸೈಟಿನಿಂದ ನಿಮ್ಮ ಹಳ್ಳಿಯ ನಕಾಶೆ ಇಳಿಸಿಕೊಳ್ಳಿ. ಅದರಲ್ಲಿ ಜೋಡಿ ತುಂಡು ಗೆರೆ ಬಂಡಿ ದಾರಿ, ಒಂಟಿ ತುಂಡು ಗೆರೆ ಕಾಲುದಾರಿ. ಈಗ ನೆಲದ ಮೇಲೆ ಹತ್ತಿ, ಮೆಣಸಿನಕಾಯಿ ಬೆಳೆಯುತ್ತಿರುವ ಜಾಗದಲ್ಲೂ ನಕಾಶೆಯಲ್ಲಿ ಬಂಡಿ ದಾರಿ ಹಾಗೇ ಉಳಿದಿರುತ್ತದೆ. ಆ ಸರ್ವೆ ನಂಬರಿನ ಪಹಣಿ ತೆಗೆಸಿ ‘ಬ’ ಖರಾಬು ಎಷ್ಟಿದೆ ನೋಡಿ. ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗಕ್ಕೆ ‘ಬ’ ಖರಾಬು ಅಂತ ಬಿಟ್ಟಿರುತ್ತಾರೆ. ಹಳ್ಳವೂ ಇಲ್ಲ, ಸ್ಮಶಾನವೂ ಇಲ್ಲ, ಆದರೂ ಸಾಲಾಗಿ ಐದಾರು ಸರ್ವೆ ನಂಬರಿನಲ್ಲಿ ಕೆಲವು ಗುಂಟೆ ‘ಬ’ ಖರಾಬು ಬರುತ್ತಿದೆ ಅಂದರೆ ಅಲ್ಲೊಂದು ದಾರಿ ಮಲಗಿದೆ. ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ಹೊಲದಲ್ಲಿ ನಿಂತೇ ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತಿಳಿಯುತ್ತದೆ. ನಮ್ಮ ಹುಣಸೆ ಸಾಲು ನಕಾಶೆಯ ಜೋಡಿ ಗೆರೆಯ ಮೇಲೆ ಸರಿಯಾಗಿ ಬಿದ್ದ ದಿನ ನಾನು ಬಿಸಿಲಲ್ಲೇ ಒಂದು ತಾಸು ಅಲ್ಲೇ ಓಡಾಡಿದ್ದೆ.

ನಕ್ಷೆ ನೋಡುವಾಗ ಇನ್ನೊಂದು ಮಾತು. ಹೆಸರಿನಲ್ಲಿ ಕ್ಯಾಂಪು ಅಂತ ಇರುವ ಊರುಗಳನ್ನು ಮರೆತುಬಿಡಿ. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು ಕಾಲುವೆ ಬಂದ ಮೇಲೆ ಹುಟ್ಟಿದ ಊರುಗಳು ಅವು. ಕಾಲುವೆ ಬಂದ ಕಡೆ ಗದ್ದೆಗೆ ನೆಲ ಮಟ್ಟ ಮಾಡಿದ್ದಾರೆ, ಹಳೆ ದಾರಿಯ ಗುರುತು ಅಲ್ಲಿ ಉಳಿಯೋದು ಕಷ್ಟ. ಹಿನ್ನೀರಿನ ಕಡೆಯವರ ಕಥೆ ಬೇರೆ. ಹಳೆ ನಾರಾಯಣದೇವರಕೆರೆ ಸೇರಿ ಹಲವು ಊರುಗಳು ನೀರಲ್ಲಿ ಹೋದವು, ಅವುಗಳ ದಾರಿಗಳೂ ಹೋದವು. ಮೇ ತಿಂಗಳಲ್ಲಿ ನೀರು ಇಳಿದಾಗ ಆ ಅಂಚಿನಲ್ಲಿ ನಡೆದು ನೋಡಿ.

ಇನ್ನು ನೆಲಕ್ಕೆ ಇಳಿಯೋಣ. ಸುಗ್ಗಿ ಮುಗಿದು ಹೊಲ ಬೋಳಾದ ಮೇಲೆ, ಮೊದಲ ಮಳೆಗೆ ಮುಂಚೆ, ಅಂದರೆ ಮಾರ್ಚಿನಿಂದ ಮೇ. ಬೆಳಗ್ಗೆ ಆರಕ್ಕೆ ಹೊರಟು ಒಂಬತ್ತೂವರೆಗೆ ಮುಗಿಸಿ. ಇದು ಬರೀ ಬಿಸಿಲಿಗಾಗಿ ಅಲ್ಲ, ಇಳಿಜಾರಾಗಿ ಬೀಳುವ ಎಳೆ ಬಿಸಿಲಿನಲ್ಲಿ ನೆಲದ ಸಣ್ಣ ತಗ್ಗು ಕೂಡ ನೆರಳು ಬಿಟ್ಟು ಕಾಣುತ್ತದೆ, ನಡುಮಧ್ಯಾಹ್ನ ಅದೇ ಜಾಗ ಸಪಾಟಾಗಿ ಕಾಣುತ್ತದೆ. ಎರೆ ಹೊಲದಲ್ಲಿ ಜಾಸ್ತಿ ಹುಡುಕಬೇಡಿ. ಮಳೆಗಾಲದಲ್ಲಿ ಎರೆಯಲ್ಲಿ ಬಂಡಿ ಗುಂಬದ ತನಕ ಹೂತುಕೊಳ್ಳುತ್ತದೆ, ಅದಕ್ಕೇ ಹಳಬರು ಸುತ್ತಾದರೂ ಸರಿ ಅಂತ ಮಸಬಿನ, ಮರಡಿಯ ಗಟ್ಟಿ ನೆಲ ಹಿಡಿದು ಹೋಗುತ್ತಿದ್ದರು. ಗುಡ್ಡದ ಬುಡದಲ್ಲಿ ಹಾಸುಬಂಡೆ ಇರುವ ಕಡೆ ನೋಡಿ. ಬಂಡೆಯ ಮೇಲೆ ಎರಡು ಗಾಲಿ ಜಾಡು ಸಮಾನಾಂತರವಾಗಿ ಸವೆದಿರುತ್ತದೆ, ನಡುವೆ ನಾಲ್ಕರಿಂದ ಐದು ಅಡಿ. ಕೈ ಇಟ್ಟು ಸವರಿ. ಕಬ್ಬಿಣದ ಪಟ್ಟಿ ಸವೆಸಿದ ಜಾಡು ಒಳಗೆ ನುಣುಪಾಗಿರುತ್ತದೆ, ನೀರು ಕೊರೆದದ್ದಾದರೆ ಅಂಕುಡೊಂಕು, ಒಂದೇ ಇರುತ್ತದೆ, ಜೋಡಿ ಇರುವುದಿಲ್ಲ.

ಹಳ್ಳ ದಾಟುವ ಜಾಗ ತಪ್ಪದೆ ನೋಡಬೇಕು. ದಾರಿ ಎಲ್ಲಿ ಬೇಕಾದರೂ ತಿರುಗಬಹುದು, ಆದರೆ ಹಳ್ಳವನ್ನು ದಾಟಲು ಒಳ್ಳೆಯ ಜಾಗ ಒಂದೋ ಎರಡೋ ಇರುತ್ತದೆ. ಎರಡೂ ದಡ ಇಳಿಜಾರಾಗಿ ಕಡಿದಿರುತ್ತದೆ, ತಳದಲ್ಲಿ ಕಲ್ಲು ಹಾಸಿರಬಹುದು. ಸಣ್ಣ ಮೋರಿ ಸಿಕ್ಕರೆ ಕಲ್ಲಿನ ಸಂದಿ ನೋಡಿ, ಸಿಮೆಂಟಾ ಗಾರೆಯಾ ಅಂತ. ಗಾರೆ ಬೆಳ್ಳಗೆ, ಉಗುರಿನಿಂದ ಕೆರೆದರೆ ಪುಡಿ ಬರುತ್ತದೆ, ಒಳಗೆ ಸುಣ್ಣದ ಸಣ್ಣ ಉಂಡೆ ಕಾಣುತ್ತವೆ. ದೊಡ್ಡ ಹೊಳೆಗೆ ಸೇತುವೆ ಇರಲಿಲ್ಲ, ಚೀಲ ಹರಿಗೋಲಿನಲ್ಲಿ ದಾಟಬೇಕಿತ್ತು, ಹಾಗಾಗಿ ತುಂಗಭದ್ರೆ, ಕೃಷ್ಣೆಯ ದಡದವರು ಹಳೆ ಹರಿಗೋಲು ಕಡವು ಎಲ್ಲಿತ್ತು ಅಂತ ಕೇಳಿಕೊಂಡು ಅಲ್ಲಿಂದ ಹಿಂದಕ್ಕೆ ಹುಡುಕುತ್ತಾ ಬಂದರೆ ಬೇಗ ಸಿಗುತ್ತದೆ. ಬಳ್ಳಾರಿ ಜಾಲಿ ಮಾತ್ರ ನಮ್ಮ ದೊಡ್ಡ ಶತ್ರು. ಯಾರೂ ಉಳದ ಖರಾಬು ಜಾಗದಲ್ಲೇ ಅದು ಬೆಳೆಯೋದು, ಅಂದರೆ ಹಳೆ ದಾರಿಯ ಮೇಲೇ. ಉಪಗ್ರಹ ಚಿತ್ರದಲ್ಲಿ ಹೊಲಗಳ ನಡುವೆ ಉದ್ದಕ್ಕೆ, ಒಂದೇ ಅಗಲದ ಜಾಲಿ ಪಟ್ಟಿ ಕಂಡರೆ ಗುರುತು ಮಾಡಿಟ್ಟುಕೊಳ್ಳಿ.

ಈಗ ಮೈಲಿಗಲ್ಲು. ಇದನ್ನು ದಾರಿಯಲ್ಲಿ ಹುಡುಕೋಕಿಂತ ಊರಲ್ಲಿ ಹುಡುಕಿ. ಒಳ್ಳೆಯ ಕಲ್ಲನ್ನು ನಮ್ಮ ಜನ ಬಿಡುವುದಿಲ್ಲ, ಬಟ್ಟೆ ಒಗೆಯಲು, ದನದ ಗೂಟಕ್ಕೆ, ಕಟ್ಟೆಗೆ, ಹೊಸ್ತಿಲಿಗೆ ತಂದಿರುತ್ತಾರೆ. ನನಗೆ ಸಿಕ್ಕ ಮೊದಲ ಕಲ್ಲು ಒಂದು ಮನೆಯ ಬಚ್ಚಲ ಪಕ್ಕ ಅಡ್ಡ ಮಲಗಿತ್ತು. ಸುಮಾರು ಮೂರಡಿ ಉದ್ದ, ಒಂದು ತುದಿ ಬಿಲ್ಲಿನಂತೆ ದುಂಡಗೆ, ಇನ್ನೊಂದು ತುದಿ ನೆಲದಲ್ಲಿ ಹೂಳಲು ಒರಟಾಗಿ ಬಿಟ್ಟದ್ದು. ಆ ಒರಟು ತುದಿಯೇ ನನ್ನನ್ನು ನಿಲ್ಲಿಸಿದ್ದು. ಮುಖದ ಮೇಲೆ ಏನೂ ಇರಲಿಲ್ಲ, ಸಾಬೂನಿನ ಪದರ, ಸುಣ್ಣದ ಪದರ. ಮನೆಯ ಅಜ್ಜಿಯನ್ನು ಕೇಳಿ, ಬರೀ ನೀರು ಹಾಕಿ ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆ. ಹಗಲಲ್ಲಿ ಏನೂ ಕಾಣಲಿಲ್ಲ. ಕತ್ತಲಾದ ಮೇಲೆ ಹೋಗಿ ಮೊಬೈಲ್ ಟಾರ್ಚನ್ನು ಕಲ್ಲಿಗೆ ತಾಗಿಸಿ ಪಕ್ಕದಿಂದ ಹಿಡಿದೆ, ಮೇಲಿಂದ ಅಲ್ಲ, ಪಕ್ಕದಿಂದ. ಬೆಳಕು ಕಲ್ಲಿನ ಮೈ ಸವರಿಕೊಂಡು ಹೋಯಿತು, ಒಂದು ಗುಂಡಿಯ ಅಂಚಿನಲ್ಲಿ ನೆರಳು ಬಿತ್ತು, ಟಾರ್ಚು ಸ್ವಲ್ಪ ಕೆಳಗಿಳಿಸಿದೆ, ಇಂಗ್ಲಿಷ್ ಅಂಕಿಯಲ್ಲಿ 9 ಎದ್ದು ನಿಂತಿತು. ಅಜ್ಜಿಯೂ ಬಗ್ಗಿ ನೋಡಿದರು. ‘ಯಪ್ಪಾ, ನಲವತ್ತು ವರ್ಷ ಇದ್ರ ಮ್ಯಾಲೇ ಬಟ್ಟಿ ಒಗದೀನಿ’ ಅಂದರು. ಸೀಮೆಸುಣ್ಣ ತುಂಬಬೇಡಿ, ಆಸಿಡ್ ಹಾಕಬೇಡಿ, ತಂತಿ ಬ್ರಷ್ ಮುಟ್ಟಿಸಲೇಬೇಡಿ. ಟಾರ್ಚು ಸಾಕು.

ಒಂದು ಕಲ್ಲು ಅದು ನಿಂತಿದ್ದ ಜಾಗದಲ್ಲೇ ಸಿಕ್ಕರೆ ಮುಂದಿನದು ಲೆಕ್ಕ. ಮೈಲಿ ಅಂದರೆ 1.6 ಕಿಲೋಮೀಟರಿಗೆ ಒಂಬತ್ತು ಮೀಟರ್ ಜಾಸ್ತಿ, ಮೊಬೈಲಿನಲ್ಲಿ ಅಳೆದುಕೊಂಡು ಹೋಗಿ ಆ ಸುತ್ತಮುತ್ತ ಹುಡುಕಿ. ನಡುವೆ ಸಣ್ಣ ಫರ್ಲಾಂಗ್ ಕಲ್ಲುಗಳೂ ಇರುತ್ತವೆ, ಮೈಲಿಗೆ ಎಂಟು ಫರ್ಲಾಂಗು, ಒಂದೊಂದು 201 ಮೀಟರ್. ಇಲ್ಲಿ ಒಂದು ಮೋಸ ಇದೆ, ನಾನೂ ಬಿದ್ದಿದ್ದೇನೆ. ಈಗಿನ ರಸ್ತೆಗಳಲ್ಲೂ 200 ಮೀಟರಿಗೊಂದು ಸಣ್ಣ ಕಲ್ಲು ನೆಡುತ್ತಾರೆ. ಅಳತೆಯಿಂದ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ, ಅಂಕಿ ನೋಡಬೇಕು. ಹೊಸದರಲ್ಲಿ 2, 4, 6, 8 ಮಾತ್ರ. 3, 5, 7 ಇದ್ದರೆ ಫರ್ಲಾಂಗು. ನಿಜಾಮರ ಸೀಮೆಯ ಕಲ್ಲಿನಲ್ಲಿ ಉರ್ದು ಅಂಕಿ ಬರಬಹುದು. ಇಂಗ್ಲಿಷಿನ ವಿ ಥರ ಇದ್ದರೆ ಏಳು, ಅದನ್ನೇ ತಲೆಕೆಳಗು ಮಾಡಿದರೆ ಎಂಟು, ಬರೀ ಚುಕ್ಕೆ ಇದ್ದರೆ ಸೊನ್ನೆ. ಕಲ್ಲು ತಲೆಕೆಳಗಾಗಿ ಬಿದ್ದಿದ್ದರೆ ಏಳು ಎಂಟಾಗಿಬಿಡುತ್ತದೆ, ಒರಟು ತುದಿ ಯಾವ ಕಡೆ ಇದೆ ಅಂತ ಮೊದಲು ನೋಡಿ.

ಹಿರಿಯರನ್ನು ಕೇಳೋದರಲ್ಲಿ ಒಂದು ಕಲೆ ಇದೆ. ‘ಹಳೆ ಅಂಚೆ ದಾರಿ ಎಲ್ಲಿತ್ತು ಅಜ್ಜಾ’ ಅಂದರೆ ಗೊತ್ತಿಲ್ಲ ಅಂತಾರೆ, ಪಾಪ ಅವರ ಹುಟ್ಟಿಗೆ ಮುಂಚಿನ ಮಾತು. ರಾಯಚೂರಿಗೆ 1871ರಲ್ಲೇ ರೈಲು ಬಂತು, ದೂರದ ಟಪಾಲು ರೈಲು ಹತ್ತಿತು, ಹರಕಾರರು ಉಳಿದದ್ದು ಸ್ಟೇಷನ್ನಿಂದ ಒಳಗಿನ ಊರುಗಳಿಗೆ ಮಾತ್ರ. ಅದಕ್ಕೇ ಬೇರೆ ಥರ ಕೇಳಬೇಕು. ಬಸ್ಸು ಬರೋಕೆ ಮುಂಚೆ ಬಳ್ಳಾರಿ ಸಂತೆಗೆ ಯಾವ ಕಡೆಯಿಂದ ಹೋಗ್ತಿದ್ರಿ? ಎತ್ತು ಎಲ್ಲಿ ಬಿಡ್ತಿದ್ರಿ, ನೀರು ಎಲ್ಲಿ ಕುಡಿಸ್ತಿದ್ರಿ? ರೊಟ್ಟಿ ಬುತ್ತಿ ಯಾವ ಮರದ ಕೆಳಗೆ ಬಿಚ್ತಿದ್ರಿ? ಯಾವ ಹೊಲಕ್ಕೆ ಸುಂಕದ ಕಟ್ಟೆ, ಬಂಗ್ಲೆ, ಛತ್ರ ಅಂತ ಹೆಸರಿದೆ? ಇಂಥ ಪ್ರಶ್ನೆಗೆ ಅವರ ಕಣ್ಣು ಅರಳುತ್ತದೆ. ಕಲ್ಲಿನ ಮನೆಯ ಅಜ್ಜಿ ಹೀಗೇ ಮಾತಾಡುತ್ತಾ, ತಮ್ಮ ಅತ್ತೆ ಹೇಳುತ್ತಿದ್ದ ಮಾತು ಹೇಳಿದರು. ನಸುಕಿನಲ್ಲಿ ಹುಣಸೆ ಸಾಲಿನ ಕಡೆಯಿಂದ ಗೆಜ್ಜೆ ಸಪ್ಪಳ ಕೇಳಿದರೆ ಹೆಂಗಸರು ಬೀಸೋಕೆ ಏಳುತ್ತಿದ್ದರಂತೆ. ನಕ್ಷೆ, ನೆಲ, ಮಾತು ಮೂರೂ ಒಂದೇ ಗೆರೆಯ ಮೇಲೆ ಬಂದದ್ದು ಆಗಲೇ. ಎರಡೇ ಸಿಕ್ಕಿದ್ದರೆ ಹಳೆ ಬಂಡಿ ದಾರಿ ಅಂತ ಬರೆದುಕೊಳ್ಳಿ, ಟಪಾಲು ದಾರಿ ಅನ್ನಬೇಡಿ.

ಹೋಗುವ ಮುಂಚೆ ಹೊಲದವರಿಗೆ, ಪಂಚಾಯ್ತಿಯಲ್ಲಿ ಒಬ್ಬರಿಗೆ ಹೇಳಿ ಹೋಗಿ. ನಮ್ಮ ಕಡೆ ನಿಧಿಗಾಗಿ ಗುಡಿ ಅಗೆಯುವವರ ಕಾಟ ಇದೆ, ಹಳೆ ಕಲ್ಲು ತಡವುವವರನ್ನು ಜನ ಅನುಮಾನದಿಂದ ನೋಡಿದರೆ ತಪ್ಪೇನಿಲ್ಲ. ಮೊದಲ ವರ್ಷ ನಾನು ಹೇಳದೇ ಹೋಗಿ, ಒಂದು ಊರಿನಲ್ಲಿ ಅರ್ಧ ದಿನ ಕೂರಿಸಿಕೊಂಡಿದ್ದರು. ಲೋಹ ಹುಡುಕುವ ಯಂತ್ರ ಒಯ್ಯಬೇಡಿ, ಒಂದು ಗುದ್ದಲಿ ಕೂಡ ಬೇಡ. ಅಗೆಯುವುದು ನಮ್ಮ ಕೆಲಸ ಅಲ್ಲ, ನೆಲದಲ್ಲಿ ಬೆಲೆಬಾಳುವ ಹಳೆಯದೇನಾದರೂ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು ಅಂತ 1878ರಿಂದಲೇ ಕಾನೂನು ಇದೆ. ದರೋಜಿ ಕಡೆ ಕರಡಿ, ಗುಡ್ಡಗಳಲ್ಲಿ ಚಿರತೆ, ಹಾಳು ಬಾವಿಯಲ್ಲಿ ಹಾವು. ಒಬ್ಬರೇ ಹೋಗಬೇಡಿ, ಬಾವಿಯ ಮೆಟ್ಟಿಲು ಇಳಿಯಲೇಬೇಡಿ, ತಲಾ ಮೂರು ಲೀಟರ್ ನೀರು ಇರಲಿ.

ಸಿಕ್ಕಿದ್ದನ್ನೆಲ್ಲ ಅವತ್ತೇ ಬರೆದಿಡಿ. ಜಾಗದ ಅಕ್ಷಾಂಶ ರೇಖಾಂಶ, ಸರ್ವೆ ನಂಬರು, ಪಕ್ಕದಲ್ಲಿ ಅಳತೆ ಪಟ್ಟಿ ಇಟ್ಟು ತೆಗೆದ ಫೋಟೋ, ಹೇಳಿದವರ ಮಾತು ಅವರು ಹೇಳಿದ ಹಾಗೆ. ಕಲ್ಲನ್ನು ಅಲ್ಲೇ ಬಿಡಿ, ಮನೆಗೆ ತಂದರೆ ಅದರ ಲೆಕ್ಕವೇ ಕೆಡುತ್ತದೆ. ನಮ್ಮ ಒಂಬತ್ತನೇ ಕಲ್ಲು ಮೊದಲು ಎಲ್ಲಿ ನಿಂತಿತ್ತು ಅಂತ ಅಜ್ಜಿಯ ಮಗ ತೋರಿಸಿದ, ಹುಣಸೆ ಸಾಲಿನ ಕೊನೆಯ ಮರದ ಬುಡ. ಅಲ್ಲಿಂದ ಅಳೆದು ಹತ್ತನೆಯದನ್ನು ಒಂದು ಬೇಲಿಯೊಳಗೆ ಹುಡುಕಿದೆವು, ನಿಂತ ಜಾಗದಲ್ಲೇ ಇತ್ತು. ಹನ್ನೊಂದನೆಯದು ಲೆಕ್ಕದ ಪ್ರಕಾರ ಕಾಲುವೆಯ ದಂಡೆಯಲ್ಲಿ ಬರುತ್ತದೆ, ಎರಡು ಸಲ ಹೋದಾಗಲೂ ಕಾಲುವೆ ತುಂಬಿ ಹರಿಯುತ್ತಿತ್ತು. ಈ ಬೇಸಿಗೆ ನೀರು ನಿಲ್ಲಿಸಿದ ವಾರವೇ ದಂಡೆಯ ಕಲ್ಲು ಕಟ್ಟಡವನ್ನು ಒಂದೊಂದಾಗಿ ನೋಡುತ್ತೇವೆ, ದುಂಡಗಿನ ತುದಿಯ ಕಲ್ಲು ಅದರಲ್ಲಿ ಎಲ್ಲಾದರೂ ಸೇರಿದೆಯಾ ಅಂತ.